ಪೇಪರ್ ಚೌಕದಲ್ಲಿ ಅದಲುಬದಲಾದ ಎರಡು ಫೋಟೋ

೧೯೭೪ರಲ್ಲಿ ನಮ್ಮ ಅಪ್ಪ ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದರು. ಆಗ ನಾವು ಇಂಡಿ ಪಟ್ಟಣದಲ್ಲಿದ್ದೆವು. ಊರಿನ ನಾಲ್ಕು ರಸ್ತೆ ಕೂಡುವಲ್ಲಿ ಎರಡು ವಾರಪತ್ರಿಕೆಗಳ ಕಚೇರಿಗಳು ಎದುರುಬದುರಾಗಿದ್ದವು. ಗೋಡೆಗೆ ಅಂಟಿಸಿದ ಪತ್ರಿಕೆ ಓದಲು ಅಲ್ಲಿ ಸದಾ ಜನ ನಿಂತಿರುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಅದು ಪೇಪರ್ ಚೌಕ.

ಒಂದು ಪತ್ರಿಕೆಯವರು ನಿವೃತ್ತಿಯ ಸುದ್ದಿ ಹಾಕುತ್ತೇವೆಂದು ಅಪ್ಪನ ಫೋಟೋ ಒಯ್ದಿದ್ದರು. ಪತ್ರಿಕೆ ಬಂದ ದಿನ ನಾವು ಚಹಾ ಕುಡಿಯುತ್ತಿದ್ದಾಗ, ಹತ್ತಿರದ ಹಳ್ಳಿ ಲಚ್ಯಾಣದಿಂದ ನನ್ನ ಸೋದರತ್ತೆ ಅಳುತ್ತಾ ಬಂದರು. ಅಪ್ಪನನ್ನು ಕಂಡವರೇ ಬಾಗಿಲಲ್ಲಿ ಕುಸಿದು ಕೂತರು.

"ಅಣ್ಣಾ, ನೀ ಚೊಲೋ ಅದೀ?"

ಅವರ ಕೈಯಲ್ಲಿದ್ದ ಪತ್ರಿಕೆ ನೋಡಿದೆ. ಅಪ್ಪನ ಫೋಟೋದ ಮೇಲೆ ದಪ್ಪಕ್ಷರದಲ್ಲಿ 'ನಿಧನ' ಎಂದಿತ್ತು.

ನನಗೆ ಮೈಯೆಲ್ಲ ಉರಿಯಿತು. ಅಪ್ಪನನ್ನು ಹೊರಡಿಸಿಕೊಂಡು ಪೇಪರ್ ಚೌಕಕ್ಕೆ ಹೋದೆ. ಸಂಪಾದಕರನ್ನು ಬಾಯಿಗೆ ಬಂದಂತೆ ಬೈದೆ. ಅವರು ತಲೆ ಎತ್ತಲಿಲ್ಲ.

"ತಪ್ಪಾಗೇತ್ರಿ ಮಾಸ್ತರ್ರ. ಎರಡು ಫೋಟೋ ಅದಲಬದಲ ಆಗ್ಯಾವ್ರಿ."

ಅಪ್ಪ ಪತ್ರಿಕೆ ತಿರುವಿ ನೋಡಿದರು. ನಿವೃತ್ತಿಯ ಸುದ್ದಿಗೆ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹಿರಿಯರೊಬ್ಬರ ಫೋಟೋ ಬಿದ್ದಿತ್ತು. ಅವರು ಹಿಂದಿನ ವಾರವಷ್ಟೇ ತೀರಿಕೊಂಡಿದ್ದರು. ಕೆಳಗೆ, 'ಇವರ ವಿಶ್ರಾಂತ ಜೀವನ ಸುಖಮಯವಾಗಿರಲಿ' ಎಂಬ ಹಾರೈಕೆ.

"ನಂದು ಇರ್ಲಿ, ನಾ ಜೀವಂತ ಅದೇನಿ. ಆ ಮನಿಯವರಿಗೆ ಹ್ಯಾಂಗಾಗಿರಬೇಕು? ಅಲ್ಲಿಗೆ ಹೋಗಿದ್ರೇನು?" ಎಂದು ಅಪ್ಪ ಕೇಳಿದರು.

"ಅವರಿಗೆ ಮಾರಿ ತೋರಸಾಕ ಧೈರ್ಯ ಆಗವಲ್ದ್ರಿ."

"ನಡೀರಿ, ನಾನೂ ಬರ್ತೇನಿ."

ಮೂವರೂ ಹೋದೆವು. ಗಿರಣಿಯವರ ಮಗ ಸಂಪಾದಕರನ್ನು ಕಂಡದ್ದೇ ಎದ್ದು ಬಂದ.

"ನಮ್ಮಪ್ಪನ ಸಾವು ನಿಮಗ ಚ್ಯಾಷ್ಟಿ ಆತೇನ್ರಿ?"

ಸಂಪಾದಕರು ಕೈಮುಗಿದರು. ಒಳಗೆ ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ಮಗನನ್ನು ಸುಮ್ಮನಿರಿಸಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಅವರ ಫೋಟೋದ ಕೆಳಗ ಏನ್ ಬರದಾರ, ಒಂದ ಸಲ ಓದ್ರಿ ಮಾಸ್ತರ್ರ" ಎಂದರು.

ಅಪ್ಪ ತಡವರಿಸುತ್ತಲೇ ಓದಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಲಗ್ನ ಆದಾಗಿಂದ ನೋಡೇನ್ರಿ. ಗಿರಣಿ ಬಂದ್ ಮಾಡಿ ಒಂದ ದಿನಾ ಸುಮ್ನ ಕುಂತವರಲ್ಲ. ಇನ್ನರೆ ವಿಶ್ರಾಂತಿ ಸಿಗ್ಲಿ ಅಂತ ಬರದಾರ. ತಪ್ಪೇನೈತಿ ಅದರಾಗ?"

"ಮುಂದಿನ ವಾರ ತಿದ್ದಿ ಹಾಕ್ತೇನ್ರಿ, ಅವ್ವಾರ" ಎಂದರು ಸಂಪಾದಕರು.

"ಮಾಸ್ತರ್ರದು ತಿದ್ರಿ. ಅವರು ನೂರು ವರ್ಷ ಬಾಳ್ಲಿ. ನಮ್ಮವರದು ಹಂಗ ಇರ್ಲಿ."

ಸಂಪಾದಕರು ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟರು. ಅಷ್ಟು ಹೊತ್ತು ಸಿಟ್ಟಿನಿಂದ ನಿಂತಿದ್ದ ಮಗನೇ ನೀರು ತಂದುಕೊಟ್ಟ.

ಆ ಎರಡೂ ಪತ್ರಿಕೆಗಳು ನಿಂತು ಬಹಳ ಕಾಲವಾಯಿತು. ಈಗ ಅಲ್ಲಿ ಬಟ್ಟೆ ಅಂಗಡಿ, ಚಹಾದಂಗಡಿಗಳಿವೆ. ಪೇಪರ್ ಚೌಕ ಎಂದರೆ ವಯಸ್ಸಾದವರಿಗಷ್ಟೇ ತಿಳಿಯುತ್ತದೆ. ಯಾರದೋ ತಪ್ಪಿಗೆ ಜಗಳ ತೆಗೆಯಲು ಹೊರಟಾಗೆಲ್ಲ, ಅದರಿಂದ ನನಗಿಂತ ಹೆಚ್ಚು ನೊಂದವರು ಯಾರಾದರೂ ಇದ್ದಾರೆಯೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಇದ್ದರೆ, ಮೊದಲು ಅವರ ಮನೆಗೆ ಹೋಗುತ್ತೇನೆ.