ಪೆಟ್ಟಿಗೆ ಹೊತ್ತ ಖಂಡೂ

ಏಳನೆಯ ಪುಸ್ತಕದ ಕೊನೆಯ ಪುಟವನ್ನು ಬಸವಲಿಂಗ ಮುಗಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಪುಣೆಯ ಬಿಬವೇವಾಡಿಯ ಮನೆಯ ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ಕುಳಿತು. ಮುಗಿಸಿದ ಮೇಲೆ ಪುಸ್ತಕವನ್ನು ಮಗುಚಿ ಹಿಂದಿನ ರಟ್ಟು ನೋಡಿದ. ರಟ್ಟಿನ ಒಳಬದಿ ನೋಡಿದ. ಪ್ರಕಾಶಕರ ವಿಳಾಸವನ್ನೂ ಓದಿದ. ಆಮೇಲೆ ಮೊದಲ ಪುಟಕ್ಕೆ ಹೋಗಿ, ಹಾಳೆ ಹಾಳೆಗೂ ಬೆರಳಿಟ್ಟು, ಒಂದೇ ಒಂದು ಹೆಸರನ್ನು ಹುಡುಕತೊಡಗಿದ. ಊಟದ ಹೊತ್ತು ಮೀರಿದರೂ ಅದು ಸಿಗಲಿಲ್ಲ.

“ಏನ್ ಕಳಕೊಂಡೀರಿ?” ಹೆಂಡತಿ ತ್ರಿವೇಣಿ ಒಣಗಿದ ಸೀರೆ ಮಡಚುತ್ತ ಕೇಳಿದಳು.

“ಖಂಡೂ.”

“ಯಾರ್ರೀ ಅಂವ?”

“ಪುಸ್ತಕದಾಗಿನ ಹಮಾಲ. ಬರಲೇ ಇಲ್ಲ ನೋಡು.”

“ಮಗಳಿಗೆ ಗಂಡು ಹುಡುಕೂಮುಂದ ಹಿಂಗ ಬೆರಳಿಟ್ಟು ಹುಡುಕಿದ್ರ ಎಂದೋ ಲಗ್ನ ಆಗಿ ಹೋಗ್ತಿತ್ತು,” ಎಂದಳು ತ್ರಿವೇಣಿ. ಆದರೆ ಗಂಡನ ಮುಖ ನೋಡಿದವಳು ತಟ್ಟೆಯನ್ನು ಬಾಲ್ಕನಿಗೇ ತಂದುಕೊಟ್ಟಳು.

ಬಸವಲಿಂಗನಿಗೆ ಐವತ್ತೆರಡು. ಜಮಖಂಡಿ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಕಾಳುಕಡಿಯ ಅಂಗಡಿಯೊಂದರಲ್ಲಿ ತೂಕಕ್ಕೆ ನಿಂತವನು ಇಂದಿಗೂ ಅಲ್ಲೇ ಇದ್ದಾನೆ. ಮರಾಠಿ ಓದಲು ಕಲಿತದ್ದು ಚೀಲಗಳ ಮೇಲೆ ಬರೆದ ಊರುಗಳ ಹೆಸರುಗಳಿಂದ, ಲಾರಿಗಳ ಹಣೆಬರಹದಿಂದ. ಹದಿನಾಲ್ಕು ವರ್ಷಗಳ ಹಿಂದೆ ರದ್ದಿ ಅಂಗಡಿಯ ಗುಡ್ಡೆಯಲ್ಲಿ ‘ವಜ್ರಘಾಟ’ ಎಂಬ ಮರಾಠಿ ಕಾದಂಬರಿಯ ಮೊದಲ ಭಾಗ ಸಿಕ್ಕಿತ್ತು. ಅಲ್ಲಿಯವರೆಗೆ ಅವನು ಯಾವ ಪುಸ್ತಕವನ್ನೂ ಕೊನೆ ಮುಟ್ಟಿಸಿದವನಲ್ಲ. ಅದನ್ನು ಮುಗಿಸಿದ ದಿನ, ಇನ್ನೂ ಆರು ಬರಲಿವೆ ಎಂದು ಕೊನೆಯ ಪುಟದಲ್ಲಿ ಓದಿ, ಯಾರೋ ತನಗೆ ದೀರ್ಘಾಯುಷ್ಯ ಹರಸಿದಷ್ಟು ಸಂತೋಷಪಟ್ಟಿದ್ದ. ಮೂರನೆಯದು ಬಂದ ವರ್ಷ ತಾಯಿ ತೀರಿಕೊಂಡಳು. ಐದನೆಯದರ ಹೊತ್ತಿಗೆ ಕನ್ನಡಕ ಬಂತು. ವರ್ಷಗಳನ್ನು ಅವನು ಹಾಗೆಯೇ ನೆನಪಿಡುತ್ತಿದ್ದ.

ಕಥೆ ಹೀಗಿತ್ತು. ಮಂಜು ಮುಚ್ಚಿ ಕುರುಡಾದ ಒಂದು ರಾಜ್ಯ. ಸತ್ತ ರಾಜನ ದನಿಯನ್ನು ಕಲ್ಲಿನ ಪೆಟ್ಟಿಗೆಯೊಂದರಲ್ಲಿ ತುಂಬಿಟ್ಟಿದ್ದಾರೆ. ರಾಜನ ಮಗಳು ಮೃಣ್ಮಯಿ ಆ ಪೆಟ್ಟಿಗೆಯನ್ನು ಏಳು ಘಟ್ಟ ದಾಟಿಸಿ ಸಿಂಹಾಸನದ ಮುಂದೆ ತೆರೆದರೆ ಮಂಜು ಕರಗುತ್ತದೆ. ಪೆಟ್ಟಿಗೆ ನೆಲಕ್ಕೆ ತಾಗಿದರೆ ದನಿ ಮಣ್ಣಿಗಿಳಿದು ಹೋಗುತ್ತದೆ. ಅದನ್ನು ಬೆನ್ನ ಮೇಲೆ ಹೊತ್ತು ನಡೆಯುವವನು ಖಂಡೂ.

ಬಸವಲಿಂಗ ಓದಿದ್ದನ್ನೆಲ್ಲ ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಅಂಗಡಿಯ ಹಮಾಲರಿಗೆ ಹೇಳುತ್ತಿದ್ದ. ತಗಡಿನ ಮಾಡಿನ ಕೆಳಗೆ, ಖಾಲಿ ಚೀಲಗಳ ಮೇಲೆ ಎಂಟು ಹತ್ತು ಜನ ಕೂರುತ್ತಿದ್ದರು. ಇಂಡಿ ತಾಲೂಕಿನವರು, ಸೊಲ್ಲಾಪುರದವರು. ಎಲ್ಲರಿಗೂ ಕನ್ನಡ, ಮರಾಠಿ ಎರಡೂ ಬರುತ್ತಿದ್ದುದರಿಂದ ಕಥೆಯೂ ಎರಡು ಭಾಷೆಯಲ್ಲಿ ನಡೆಯುತ್ತಿತ್ತು. ಮೊದಮೊದಲು ನಗಲಿಕ್ಕೆಂದೇ ಕೇಳಿದರು. ರಾಜಕುಮಾರಿಯ ಜೊತೆಗಿದ್ದ ಮಂತ್ರವಾದಿ ಕಾಲಭಟ್ಟ ಬೆಟ್ಟ ಸರಿಸಿದ ದಿನ ಸೊಲ್ಲಾಪುರದ ಹರಿಶ್ಚಂದ್ರ, “ಭಾವು, ಅಂವನ್ನ ಇಲ್ಲಿ ಕರೀರಿ. ಆ ಲಾರಿ ಒಂದ್ ಖಾಲಿ ಮಾಡಿ ಹೋಗ್ಲಿ, ಕಾಲ್ ಬೀಳ್ತೀನಿ,” ಎಂದಿದ್ದ.

ಎರಡನೆಯ ಪುಸ್ತಕದಲ್ಲಿ ಖಂಡೂ ಬಂದ. ಹಮಾಲರ ಗುಂಪಿಗೆ ಹಿರಿಯ, ಮುಕಾದಮ ಶಿವಪ್ಪ ಅಗಿಯುವುದನ್ನು ನಿಲ್ಲಿಸಿದ.

“ನೆಲಕ್ಕ ಇಳಸೂಹಂಗೇ ಇಲ್ಲಾ?”

“ಇಲ್ರಿ.”

“ಮತ್ತ ಮಲಗೂದು ಹ್ಯಾಂಗ? ಉಚ್ಚಿ ಹೊಯ್ಯೂದು ಹ್ಯಾಂಗ?”

ಎಲ್ಲರೂ ನಕ್ಕರು. ಶಿವಪ್ಪ ನಗಲಿಲ್ಲ. ಖಂಡೂ ಬಂಡೆಗೆ ಪೆಟ್ಟಿಗೆಯ ಬೆನ್ನು ಆನಿಸಿ, ಮೊಣಕಾಲು ಅರ್ಧ ಮಡಚಿ, ಒಂದು ಹೆಗಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತೇ ನಿದ್ದೆ ಮಾಡುತ್ತಾನೆಂದು ಪುಸ್ತಕದಲ್ಲಿತ್ತು. ಬಸವಲಿಂಗ ಅದನ್ನು ಓದಿ ಹೇಳಿದ. ಶಿವಪ್ಪ ಎದ್ದು ಗೋಡೆಗೆ ಬೆನ್ನು ಕೊಟ್ಟು ಹಾಗೇ ನಿಂತು ನೋಡಿದ. ಐವತ್ತರ ಹತ್ತಿರದ ಮನುಷ್ಯ, ಮೂವತ್ತು ವರ್ಷ ಚೀಲ ಹೊತ್ತ ಕತ್ತು. “ಖರೇ ಅದ,” ಎಂದ. “ಬರದಾಕಿಗೆ ಗೊತ್ತದ.”

ಅಂದಿನಿಂದ ಖಂಡೂ ಅವರ ಪಾಲಿಗೆ ಖಂಡಪ್ಪನಾದ. ರಾಜಕುಮಾರಿಗೆ ಏನಾಯಿತೆಂದು ಯಾರೂ ಮೊದಲು ಕೇಳುತ್ತಿರಲಿಲ್ಲ.

ಆರನೆಯ ಪುಸ್ತಕದ ಕೊನೆಯಲ್ಲಿ ಒಂದು ತೂಗುಸೇತುವೆ. ಅದು ಮನುಷ್ಯರ ಭಾರ ತಾಳುತ್ತದೆ, ಪೆಟ್ಟಿಗೆಯ ಭಾರ ತಾಳುವುದಿಲ್ಲ. ಕಾಲಭಟ್ಟ ಖಂಡೂವಿಗೆ ಹೇಳುತ್ತಾನೆ: “ಇಲ್ಲೇ ನಿಲ್ಲು. ಬೇರೆ ದಾರಿ ಹುಡುಕಿ ಬರುತ್ತೇವೆ. ನಾನು ಬಂದು ಇಳಿಸು ಅನ್ನುವವರೆಗೆ ಇಳಿಸಬೇಡ.” ಖಂಡೂ ಬಂಡೆಗೆ ಆನಿಕೊಂಡು ನಿಲ್ಲುತ್ತಾನೆ. ಉಳಿದವರು ಮಂಜಿನೊಳಗೆ ಹೋಗುತ್ತಾರೆ. ಪುಸ್ತಕ ಅಲ್ಲಿಗೆ ಮುಗಿದಿತ್ತು.

ಮುಂದಿನದು ಬರಲು ಐದು ವರ್ಷ ಹಿಡಿಯಿತು. ನಡುವೆ ಲಾಕ್‌ಡೌನ್ ಬಂತು, ಯಾರ್ಡು ಮುಚ್ಚಿತು, ಹಮಾಲರು ಸಿಕ್ಕ ಲಾರಿ ಹತ್ತಿ ಊರು ಸೇರಿದರು. ಒಂದು ದಿನ ಶಿವಪ್ಪ ಊರಿಂದ ಫೋನು ಮಾಡಿ ಅಂಗಡಿ ಯಾವಾಗ ತೆಗೆಯುತ್ತಾರೆ, ಯಾರ್ಯಾರಿಗೆ ಜಡ್ಡಾಗಿದೆ ಎಂದೆಲ್ಲ ಕೇಳಿದ. ಫೋನು ಇಡುವ ಮೊದಲು, “ಖಂಡಪ್ಪಂದು ಏನರೆ ಸುದ್ದಿ?” ಎಂದ.

“ಇನ್ನೂ ಇಲ್ರಿ. ನಿಂತಾನ.”

“ನಿಲ್ಲಲಿ, ನಿಲ್ಲಲಿ. ಬರ್ತಾರ.”

ಅಂತೂ ಏಳನೆಯದು ಬಂತು. ಆರುನೂರು ಪುಟ. ಕೊನೆಯಲ್ಲಿ ಮೃಣ್ಮಯಿ ಬರಿಗೈಯಲ್ಲಿ ಸಿಂಹಾಸನದ ಮುಂದೆ ನಿಲ್ಲುತ್ತಾಳೆ. ಅಪ್ಪನ ದನಿಯಿಲ್ಲ, ಪೆಟ್ಟಿಗೆಯಿಲ್ಲ. ದಿಕ್ಕು ತೋಚದೆ ತಾನೇ ಹಾಡುತ್ತಾಳೆ. ಅವಳ ದನಿಗೇ ಮಂಜು ಕರಗಿ, ಎಪ್ಪತ್ತು ವರ್ಷಗಳ ನಂತರ ಜನ ತಮ್ಮ ಹೊಲಗಳ ಬದು ನೋಡುತ್ತಾರೆ. ಬಸವಲಿಂಗ ಅಲ್ಲಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದ. ಅಷ್ಟು ಚೆನ್ನಾಗಿತ್ತು. ಪಟ್ಟಾಭಿಷೇಕವೂ ಆಗಿ ಇನ್ನು ಎರಡು ಪುಟ ಉಳಿದಿದೆ ಎನ್ನುವಾಗ, ಹಾಗಾದರೆ ಆ ಪೆಟ್ಟಿಗೆ ಎಂಬ ಮಾತು ಅವನ ತಲೆಯೊಳಗೆ ಸುಳಿಯಿತು.

ಹದಿನಾಲ್ಕು ವರ್ಷ ಜೊತೆಗಿದ್ದದ್ದು ಮುಗಿಯಿತೆಂಬ ದುಃಖಕ್ಕೆ ಅವನು ತಯಾರಾಗಿದ್ದ. ಆ ದುಃಖ ಹೇಗಿರುತ್ತದೆಂದು ಹಲವು ಸಲ ಊಹಿಸಿಕೊಂಡೂ ಇದ್ದ. ಆದರೆ ಎಲ್ಲರೂ ಮನೆ ಸೇರಿದ ಮೇಲೆ ಒಬ್ಬ ಮನುಷ್ಯ ಹೊರಗೇ ಉಳಿದುಬಿಟ್ಟ, ಬಾಗಿಲು ಹಾಕಿದವರು ಅತ್ತ ತಿರುಗಿಯೂ ನೋಡಲಿಲ್ಲ. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅಂಗಡಿಯಲ್ಲಿ ಕಥೆ ಆಗಿನ್ನೂ ಅರ್ಧಕ್ಕೆ ಬಂದಿತ್ತು. ಬಸವಲಿಂಗ ನಿಧಾನ ಮಾಡಿದ. ಅರಮನೆಯ ಕಂಬಗಳನ್ನು ಎಣಿಸಿದ, ಪುಸ್ತಕದಲ್ಲಿ ಒಂದೇ ಸಾಲಿದ್ದ ಕಾಡಿಗೆ ಮೂರು ಮಧ್ಯಾಹ್ನ ಕೊಟ್ಟ.

“ಗಿಡಗಂಟಿ ಭಾಳ ಆದ್ವು ಬಸಣ್ಣ,” ಎಂದ ಶಿವಪ್ಪ. “ಖಂಡಪ್ಪನ ಕಡೆ ನಡಿ. ಬರ್ತಾನಿಲ್ಲೋ ಅಷ್ಟ ಹೇಳು.”

“ನೋಡೂಣ್ರಿ.”

“ನೋಡೂದೇನು? ನೀ ಓದಿ ಮುಗಿಸಿರ್ತಿ. ಮುಖಾ ನೋಡಿದ್ರ ಗೊತ್ತಾಗ್ತದ.”

ಎರಡು ವಾರ ಕಳೆದು ಸದಾಶಿವ ಪೇಠದ ಒಂದು ಸಭಾಗೃಹಕ್ಕೆ ಲೇಖಕಿ ಬರುತ್ತಾರೆಂದು ಪೇಪರಿನಲ್ಲಿ ಬಂತು. ಓದುಗರ ಪುಸ್ತಕಗಳಿಗೆ ಸಹಿ ಹಾಕುತ್ತಾರಂತೆ. ಬಸವಲಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಏಳನೆಯ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದ. ಸಾಲು ಮೆಟ್ಟಿಲಿಳಿದು ರಸ್ತೆಯ ಸ್ಕೂಟರುಗಳ ನಡುವೆ ನಿಂತಿತ್ತು. ಮುಂದೆಯೂ ಹಿಂದೆಯೂ ಕಾಲೇಜಿನ ಹುಡುಗ ಹುಡುಗಿಯರು, ಮೃಣ್ಮಯಿಯ ಹಾಡನ್ನು ಬರೆಸಿಕೊಂಡ ಅಂಗಿ ತೊಟ್ಟವರು. ಒಂದೂವರೆ ತಾಸಿನ ಮೇಲೆ ಅವನ ಪಾಳಿ ಬಂತು.

ಲೇಖಕಿಗೆ ಎಪ್ಪತ್ತರ ಮೇಲಾಗಿತ್ತು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಸಹಿ ಮಾಡುತ್ತಿದ್ದರು. “ಹೆಸರು?” ಎಂದು ಕೇಳಿದರು.

ಬಸವಲಿಂಗ ತನ್ನ ಹೆಸರು ಹೇಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮರಾಠಿಯಲ್ಲಿ ಕೇಳಿದ: “ಅಮ್ಮಾ, ಖಂಡೂ ಏನಾದ?”

“ಖಂಡೂ...” ಅವರು ನಕ್ಕು ತಲೆಯೆತ್ತಿದರು. “ಯಾವ ಖಂಡೂ?”

“ಪೆಟ್ಟಿಗೆ ಹೊತ್ತವನು. ಸೇತುವೆಯ ಹತ್ತಿರ ನಿಂತವನು.”

ನಗು ನಿಧಾನವಾಗಿ ಅವರ ಮುಖದಿಂದ ಇಳಿಯಿತು. ಪೆನ್ನು ಕೆಳಗಿಟ್ಟರು. “ಅಯ್ಯೋ ದೇವರೇ,” ಎಂದರು. “ನಡುವೆ ನನಗೆ ಕಾಯಿಲೆಯಾಯಿತು. ಕೊನೆಯ ಭಾಗವನ್ನು ಎರಡು ಸಲ ಹರಿದು ಬರೆದೆ. ಮೊದಲಿನದರಲ್ಲಿ ಅವನಿದ್ದ. ಆಮೇಲೆ ಪೆಟ್ಟಿಗೆಯೇ ಬೇಡವಾಯಿತು. ಪೆಟ್ಟಿಗೆಯನ್ನು ಬಿಟ್ಟೆ. ಅದರ ಕೆಳಗೆ ಅವನಿದ್ದದ್ದು...”

“ಮರೆತಿರಿ,” ಎಂದ ಬಸವಲಿಂಗ. ಆಪಾದಿಸುವ ದನಿಯಲ್ಲಿ ಅನ್ನಲಿಲ್ಲ. ಅವರಿಗೆ ಮಾತು ಸಿಗದಿದ್ದುದನ್ನು ನೋಡಿ ಎತ್ತಿಕೊಟ್ಟ, ಅಷ್ಟೆ.

“ಮರೆತೆ. ಈಗ ಅಚ್ಚಾಗಿ ಹೋಗಿದೆ.” ಅವರ ಕಣ್ಣು ಒದ್ದೆಯಾಗಿತ್ತು. “ಬೇರೆ ಯಾರೂ ಕೇಳಲಿಲ್ಲ ನೋಡಿ.”

“ಕಾಕಾ, ಚಲಾ ಪುಢೆ,” ಎಂದು ಸಂಘಟಕನೊಬ್ಬ ಮುಂದೆ ಸರಿಯುವಂತೆ ಅವನ ಭುಜ ಮುಟ್ಟಿದ. ಲೇಖಕಿ ಪುಸ್ತಕ ಎಳೆದುಕೊಂಡು ಅವಸರದಲ್ಲಿ ಏನೋ ಬರೆದರು. ಮೆಟ್ಟಿಲಿಳಿದು ತೆರೆದು ನೋಡಿದರೆ ‘ಕ್ಷಮಿಸಿ’ ಎಂದಿತ್ತು. ಆ ಕ್ಷಮೆ ಯಾರನ್ನು ಕೇಳಿದ್ದೆಂದು ಬರೆದಿರಲಿಲ್ಲ.

ಮರುದಿನ ಬಸವಲಿಂಗ ಇನ್ನು ತಡ ಮಾಡುವುದು ಬೇಡವೆಂದುಕೊಂಡ. ಮಧ್ಯಾಹ್ನ ಮೃಣ್ಮಯಿಯ ಹಾಡು ಹೇಳಿದ, ಮಂಜು ಕರಗಿಸಿದ, ಪಟ್ಟ ಕಟ್ಟಿದ. “ಮುಗೀತ್ರಿ,” ಎಂದ.

ಯಾರೂ ಕೈ ತೊಳೆಯಲು ಏಳಲಿಲ್ಲ.

“ಒಂದು ಹಾಳಿ ಬಿಟ್ಟಿ ನೀ,” ಎಂದ ಶಿವಪ್ಪ.

“ಇಲ್ರಿ ಶಿವಪ್ಪಣ್ಣ.”

“ಎರಡು ಹಾಳಿ ಅಂಟಿಕೊಂಡಿರ್ತಾವ. ಕೊಡಿಲ್ಲಿ.”

ಓದಲು ಬಾರದ ಶಿವಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದ ಒಂದೊಂದೇ ಹಾಳೆಯನ್ನು ಉಜ್ಜಿ ನೋಡಿದ, ಸಂದಿಗೆ ಊದಿ ನೋಡಿದ. ಒಂದೂ ಅಂಟಿರಲಿಲ್ಲ.

“ಹಂಗಾರ ಬರದಾಕಿನ್ನ ಕೇಳಬೇಕು. ಅಕಿಗೆ ಗೊತ್ತಿರ್ತದ.”

“ಕೇಳೀನ್ರಿ. ನಿನ್ನೆ ಹೋಗಿದ್ದೆ.”

“ಏನಂದ್ಲು?”

“ಮರತೆ ಅಂದ್ರು.”

ಶಿವಪ್ಪ ಪುಸ್ತಕವನ್ನು ಮುಚ್ಚಿದ. ಬೈಯುತ್ತಾನೆಂದು ಬಸವಲಿಂಗ ಕಾದ. ಶಿವಪ್ಪ ಬೈಯಲಿಲ್ಲ.

“ಹೋಗ್ಲಿ ಬಿಡ್ರಿ,” ಎಂದ ಹರಿಶ್ಚಂದ್ರ. “ಭಾವು, ಇಲ್ಲಿ ಕತಿ ಹೇಳಾಂವ ನೀ. ಕಾಡಿನಾಗ ಮೂರು ದಿನಾ ನಮ್ಮನ್ನ ತಿರುಗಿಸಿದಿ, ಅದೇನು ಪುಸ್ತಕದಾಗಿತ್ತಾ? ಈಗೂ ಹಂಗೇ ಮಾಡು. ಯಾರನ್ನರೆ ಕಳಿಸಿ ಅಂವನ್ನ ಕೆಳಗ ತರಸು.”

“ಯಾರನ್ನ ಕಳಸ್ಲಿ?”

“ಕಾಲಭಟ್ಟನ್ನ.”

“ಅಂವ ಈ ಪುಸ್ತಕದ ಮೊದಲನೇ ಲಡಾಯಿದಾಗ ಸತ್ತಾನಲ್ಲ.”

“ರಾಣೀನ್ನ ಕಳಸು. ಅಕಿಗೆ ಈಗರೆ ನೆನಪಾಗ್ಲಿ.”

ಬಸವಲಿಂಗ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಕಣ್ಣು ಮುಚ್ಚಿ ರಾಣಿಯನ್ನು ಕುದುರೆ ಹತ್ತಿಸಿದ, ಘಟ್ಟ ಏರಿಸಿದ, ಬಂಡೆಯ ಮುಂದೆ ಇಳಿಸಿದ. ಖಂಡೂ ತಲೆಯೆತ್ತಿ ನೋಡಿದ. ಅಲ್ಲಿಂದ ಮುಂದೆ ಕಥೆ ಅಲುಗಲಿಲ್ಲ.

“ಆಗೂದಿಲ್ಲ,” ಎಂದ. “ನಾಕನೇ ಪುಸ್ತಕದಾಗ, ಅಂವಗ ಜ್ವರ ಬಂದಾಗ, ರಾಣಿನೇ ಕೈ ಮುಗದು ‘ಒಂದ್ ಗಳಿಗಿ ಇಳಸೋ’ ಅಂದಿದ್ಲು. ಅಂವ ಇಳಸಲಿಲ್ಲ. ಕಾಲಭಟ್ಟ ಹೇಳಿದ್ರ ಅಷ್ಟ ಇಳಸ್ತೀನಿ ಅಂದ. ನೀವೆಲ್ಲಾ ಆವತ್ತ ಚಪ್ಪಾಳಿ ಹೊಡದೀರಿ.”

“ಹೊಡದೀವಿ,” ಎಂದ ಶಿವಪ್ಪ.

ಹರಿಶ್ಚಂದ್ರ ರೊಟ್ಟಿಯ ಬಟ್ಟೆ ಮಡಚತೊಡಗಿದ.

“ಈಗ ಅಂವ ಇಳಸಿದ್ರ ಏನರೆ ಕೆಡ್ತದಾ?” ಶಿವಪ್ಪ ಕೇಳಿದ.

“ಏನೂ ಕೆಡೂದಿಲ್ರಿ. ಪೆಟಗಿ ಯಾರಿಗೂ ಬೇಕಾಗಿಲ್ಲ.”

“ಅಂವಗ ಗೊತ್ತಿಲ್ಲ.”

“ಗೊತ್ತಿಲ್ಲ.”

ಹೊರಗೆ ಕಡಲೆಯ ಲಾರಿ ಹಿಂದಕ್ಕೆ ಸರಿಯುತ್ತ ಬಂತು, ಕ್ಲೀನರ್ ಬದಿಯ ಹಲಗೆ ಬಡಿದ. ಒಬ್ಬೊಬ್ಬರೇ ತಲೆಗೆ ಚೀಲದ ತುಂಡು ಸುತ್ತಿಕೊಳ್ಳುತ್ತ ಎದ್ದರು. ಬಸವಲಿಂಗ ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದ.

“ನಾಳಿಂದ ಬ್ಯಾರೆ ಕತಿ ತರ್ತೀನ್ರಿ,” ಎಂದ. “ಸಣ್ಣದು. ಒಂದೇ ದಿನದಾಗ ಮುಗಿಯೂವಂಥಾದು.”

“ಬ್ಯಾಡ,” ಎಂದ ಶಿವಪ್ಪ.

“ಯಾಕ್ರಿ?”

“ಅಂವ ನಿಂತಾನಲ್ಲೋ ಇನ್ನೂ.” ಪುಸ್ತಕವನ್ನು ಅವನ ಕೈಗಿಟ್ಟು ಶಿವಪ್ಪ ಲಾರಿಯ ಕಡೆ ನಡೆದ, ಬೆನ್ನು ಬಗ್ಗಿಸಿದ, ಮೇಲಿದ್ದವರು ಮೊದಲ ಚೀಲ ಹೊರಿಸಿದರು.