ಕಣಗಿಲೆ ಸವರಿದ ಭಾನುವಾರ

ಅವರ ಅಂಗೈಗಳು ಬಿರಿದು, ಬಿರುಕಿನೊಳಗೆ ಹಸಿರುಗಪ್ಪು ಕರೆ ಕೂತಿರುತ್ತಿತ್ತು. ಕತ್ತಿನ ಚರ್ಮ ದಪ್ಪಗಟ್ಟಿ ಸದಾ ತುರಿಕೆ, ಜೊತೆಗೆ ಉಬ್ಬಸ. ಕಾಂಗ್ರೆಸ್ ಗಿಡವನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತದ್ದರ ಫಲ.

ನಾವು ಕೊಡಿಗೇಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದದ್ದು 2010ರ ಸುಮಾರಿಗೆ. ಹಿಂಗೋಡೆಯಾಚೆ ಇನ್ನೂ ಸೈಟಾಗದ ಬಯಲಿತ್ತು. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿ ಅವರು, ಹಳೇ ಊರಿನವರು. ಬೆಳಗ್ಗೆ ಕುರಿಗಳನ್ನು ದೊಡ್ಡಿಯಲ್ಲೇ ಬಿಟ್ಟು ಒಬ್ಬರೇ ಬಂದು, ಬಯಲನ್ನೆಲ್ಲ ನಡೆದು, ಉಮ್ಮತ್ತಿ, ಲಂಟಾನ, ಕಾಂಗ್ರೆಸ್ ಗಿಡಗಳನ್ನು ಬೇರುಸಮೇತ ಕಿತ್ತು ಚೀಲಕ್ಕೆ ತುಂಬುತ್ತಿದ್ದರು. ಆಮೇಲೂ ಕುರಿಗಳಿಗೆ ಒಂದಿಷ್ಟು ರಾಗಿಹುಲ್ಲು ತಿನ್ನಿಸಿಯೇ ಹೊಡೆದುಕೊಂಡು ಬರುತ್ತಿದ್ದರು. "ಅಸ್ದಿರೋ ಕುರಿ ಮುಂದೇನೈತೆ ಅಂತ ನೋಡಾಕಿಲ್ಲ ಕಣಮ್ಮ" ಅನ್ನುತ್ತಿದ್ದರು.

ನಾನು ಕಾಂಪೌಂಡಿನುದ್ದಕ್ಕೂ ಬಿಳಿ ಕಣಗಿಲೆ ನೆಟ್ಟಿದ್ದೆ.

"ಟೀಚರಮ್ಮ, ಅದರ ಒಂದೆಲೇನೂ ಈಚೆ ಬೀಳ್ದಂಗೆ ನೋಡ್ಕಳಿ. ಒಣಗಿದ್ರೂ ಇಸ ಅದು."

"ಆಯ್ತು ಅಜ್ಜಿ" ಅಂದಿದ್ದೆ.

ಒಂದು ಭಾನುವಾರ ಗಿಡ ಸವರಲು ಬಂದವನು ಕತ್ತರಿಸಿದ ಕೊಂಬೆಗಳನ್ನೆಲ್ಲ ಬಯಲಿನ ಮೂಲೆಗೆ ಹೊತ್ತು ಹಾಕಿದ. ಅಡುಗೆಮನೆ ಕಿಟಕಿಯಿಂದ ನೋಡಿದೆ. ಸಾರು ಕುದಿಯುತ್ತಿತ್ತು. ಊಟವಾದ ಮೇಲೆ ತೆಗೆಸಿದರಾಯಿತು ಅಂದುಕೊಂಡೆ. ಅಜ್ಜಿ ಅಷ್ಟರಲ್ಲಾಗಲೇ ಬಯಲು ನೋಡಿ ಮುಗಿಸಿ ಕುರಿ ತರಲು ಹೋಗಿದ್ದರು.

ಮಧ್ಯಾಹ್ನ ಅವರ ಕೂಗು ಕೇಳಿ ಓಡಿದೆ. ಒಂಬತ್ತು ಕುರಿ ನೆಲಕ್ಕೆ ಬಿದ್ದಿದ್ದವು. ಬಾಯಲ್ಲಿ ನೊರೆ, ಕಾಲುಗಳ ಒದ್ದಾಟ. ಪಶುವೈದ್ಯರು ಬರುವ ಹೊತ್ತಿಗೆ ಏಳು ಸತ್ತಿದ್ದವು, ಉಳಿದೆರಡು ಅವರ ಕಣ್ಣೆದುರೇ ಹೋದವು. ರಸ್ತೆ ಬದಿಯ ಗಿಡ ಸವರಿ ಯಾರೋ ತಂದು ಸುರಿದಿರಬೇಕು ಅಂದರು ನೆರೆದವರು. ಸುದ್ದಿ ತಿಳಿದು ಮಾಂಸದಂಗಡಿಯವನೊಬ್ಬ ಬಂದು ಸತ್ತ ಕುರಿಗಳನ್ನು ಕೇಳಿದ. ಅಜ್ಜಿ ಅವನನ್ನು ಗದರಿ ಅಟ್ಟಿದರು. ಆಳುದ್ದದ ಗುಂಡಿ ತೋಡಿಸಿ, ಸುಣ್ಣ ಹಾಕಿ ಒಂಬತ್ತನ್ನೂ ಹೂಳಿಸಿದರು.

ಎಲ್ಲರೂ ಹೋದ ಮೇಲೆ ಹತ್ತಿರ ಹೋದೆ. "ಅಜ್ಜಿ, ಅದು ನಮ್ಮನೆ ಗಿಡ."

"ಗೊತ್ತು. ಬಿಳಿ ಊವ ನೋಡ್ದೆ" ಅಂದರು. "ನನ್ ಮಗನ್ ಮುಂದೆ ಈ ಮಾತು ಆಡ್ಬೇಡಿ. ಮುಂಗೋಪಿ ಅವ್ನು. ನಿಮ್ಮನೆ ತಾವ ಬಂದ್ಬಿಡ್ತಾನೆ."

ಮರುದಿನ ಕಣಗಿಲೆಯನ್ನೆಲ್ಲ ಅಗೆಸಿ, ಅಂಗಳದಲ್ಲಿ ರಾಶಿ ಹಾಕಿ, ಬೆಂಕಿಪೊಟ್ಟಣ ತಂದೆ. ಗೇಟಿನ ಹತ್ತಿರ ಅಜ್ಜಿ ನಿಂತಿದ್ದರು.

"ಬೆಂಕಿ ಆಕ್ಬೇಡಿ. ಅದರ ಒಗೇನೂ ಇಸ. ನಿಮ್ಮನೇಲಿ ಕೂಸೈತೆ. ಗುಂಡಿ ತೆಗ್ದು ಊತಾಕಿ."

ನನ್ನ ಮುಖ ನೋಡದೆ ಹೇಳಿ ಹೊರಟುಹೋದರು. ಮತ್ತೆಂದೂ ನಮ್ಮ ಗೇಟಿನ ಕಡೆ ಬರಲಿಲ್ಲ.

ಉಳಿದ ಕುರಿಗಳನ್ನು ಆ ತಿಂಗಳೇ ಮಾರಿದರು. ಎರಡು ವರ್ಷದ ಮೇಲೆ ಉಬ್ಬಸ ಹೆಚ್ಚಾಗಿ ತೀರಿಕೊಂಡರು. ತಿಥಿಗೆ ಹೋದೆ. ಅವರ ಮಗನೇ ಎಲೆ ಹಾಕಿ ಕೂರಿಸಿದ.

"ಆ ಕುರಿಗಳ ಕೊರಗು ಅವ್ವಂಗೆ ಓಗ್ಲೇ ಇಲ್ಲ ಟೀಚರ್" ಅಂದ. "ಯಾರ್ ಮಾಡಿದ್ದು ಅಂತ ಎಷ್ಟ್ ಕೇಳಿದ್ರೂ, ಗೊತ್ತಿಲ್ಲ ಕಣೋ ಅಂತಿದ್ಲು. ಕೊನೇವರ್ಗೂ ಅದೇ ಮಾತು."

ನಾನು ಹೇಳಿಬಿಡಲು ಬಾಯಿ ತೆರೆದೆ. ಅವನು ಅನ್ನ ಬಡಿಸಲು ಬಗ್ಗಿದ. ಬಡಿಸಿದ್ದನ್ನು ಉಂಡು, ಎದ್ದು, ಮನೆಗೆ ಬಂದೆ.