ಗೊಲ್ಲಾಳಪ್ಪ ಆಂಪ್ಲಿಫೈಯರ್ ಆರಿಸಿದ್ದು

ಭಂಕೂರಿನ ಗೊಲ್ಲಾಳಪ್ಪನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಮಷೀನಿನ ಪಕ್ಕ ನಿಂತೇ ಅವನ ಪ್ರಾಯವೆಲ್ಲ ಕಳೆಯಿತು. ಆ ಮಷೀನು ತಿರುಗುವಾಗ ಪಕ್ಕದವನಿಗೆ ನೀರು ಬಿಡು ಎಂದು ಹೇಳಬೇಕಾದರೂ ಹೊಟ್ಟೆಯೊಳಗಿಂದ ಕೂಗಬೇಕು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕೂಗುವುದನ್ನು ಬಿಟ್ಟಿಲ್ಲ. ಅವನು ಒಳಗೆ ಕೂತು ಚಹಾ ಕೇಳಿದರೆ ಓಣಿಯಲ್ಲಿ ಹೋಗುವವರು ತಮ್ಮನ್ನೇ ಕರೆದನೇನೋ ಎಂದು ನಿಂತು ನೋಡುತ್ತಾರೆ. ಮನುಷ್ಯ ಮಾತ್ರ ಬೆಣ್ಣೆಯಂಥವನು. ಅದು ತಿಳಿಯಲಿಕ್ಕೆ ಅವನ ಜೊತೆ ಸ್ವಲ್ಪ ದಿನ ಕಳೆಯಬೇಕು, ಅಷ್ಟೇ.

ಮಷೀನು ಬಿಟ್ಟರೆ ಅವನಿಗಿದ್ದದ್ದು ಭಜನೆ. ಮೇಳದ ಮುಂದೆ ಕೂತು ಗೆಳೆಯ ಚಂದ್ರಾಮ ಒಂದು ನುಡಿ ಎತ್ತಿದರೆ, ಹಿಂದಿನಿಂದ ಅದನ್ನು ಹಿಡಿದು ಮೇಲಕ್ಕೆ ಒಯ್ಯುವವನು ಗೊಲ್ಲಾಳಪ್ಪ. ಭಜನೆಯಲ್ಲಿ ಸುಮ್ಮನೆ ಕೂತು ಕೇಳುವವರು ಅಂತ ಯಾರೂ ಇರುವುದಿಲ್ಲ. ಹಾದಿಯಲ್ಲಿ ಹೋಗುವವನು ಬಂದು ಕೂತರೂ ಎರಡನೆಯ ಸಲಕ್ಕೆ ದನಿ ಕೂಡಿಸಲೇಬೇಕು. ಕೂಡಿಸದಿದ್ದರೆ, "ಯಾಕಪಾ, ಬಾಯಾಗ ಏನ್ ಇಟ್ಕೊಂಡೀದಿ?" ಎಂದು ಕೇಳುತ್ತಿದ್ದರು. ಆಮೇಲೆ ಚಂದ್ರಾಮ ಮಗಳ ಮನೆಗೆಂದು ಕಲಬುರಗಿಗೆ ಹೋದ, ಉಳಿದವರು ಅತ್ತಿತ್ತ ಚೆದುರಿದರು, ಮೇಳ ನಿಂತಿತು. ಉಳಿದದ್ದು ಮೇಳದ ಹಾಡು ತುಂಬಿದ ಹಳೆಯ ಕ್ಯಾಸೆಟ್ಟುಗಳಷ್ಟೇ. ಶಹಾಬಾದಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿರುವ ಅಬ್ದುಲ್ ಕರೀಮ್ ಅವನ್ನೆಲ್ಲ ಫೋನಿಗೆ ಇಳಿಸಿಕೊಟ್ಟಿದ್ದ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಸ್ಪೀಕರಿನ ಡಬ್ಬಿ ಇಟ್ಟುಕೊಂಡು ಅವನ್ನು ಕೇಳುವುದೇ ಗೊಲ್ಲಾಳಪ್ಪನ ದಿನಚರಿಯಾಯಿತು.

ತೊಂದರೆ ಶುರುವಾದದ್ದು ಸೊಸೆ ಭಾಗ್ಯಳಿಗೆ ರಾತ್ರಿ ಡ್ಯೂಟಿ ಬಿದ್ದ ಮೇಲೆ. ಅವಳು ವಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ರಾತ್ರಿಯಿಡೀ ದುಡಿದು ಬೆಳಿಗ್ಗೆ ಬಂದು, ಮಗಳು ಪ್ರೀತಿಯನ್ನು ಶಾಲೆಗೆ ಕಳಿಸಿ, ಹಗಲು ಮಲಗಬೇಕು. ಮನೆಯೋ, ನೆಲ, ಗೋಡೆ, ಮಾಳಿಗೆ ಎಲ್ಲವೂ ಫರಸಿ ಕಲ್ಲಿನದು. ಅಡಿಗೆಮನೆಯಲ್ಲಿ ಚಮಚ ಬಿದ್ದರೆ ಕೊನೆಯ ಖೋಲಿಯಲ್ಲಿ ಮಲಗಿದವರು ಎದ್ದು ಕೂರಬೇಕು. ಅಂಥದರಲ್ಲಿ ಹಾರ್ಮೋನಿಯಂ, ತಾಳ, ಚಂದ್ರಾಮ, ಎಲ್ಲ ಸೇರಿದರೆ ಕೇಳಬೇಕೆ?

ಭಾಗ್ಯ ಇದನ್ನು ಮಾವನಿಗೆ ಹೇಳಲಿಲ್ಲ. ಆ ಮನೆಯಲ್ಲಿ ಸೊಸೆ ಮಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೇ ಎದುರು ಹೇಳುವ ಹೆಣ್ಣುಮಗಳು ಮನೆಗೆ ಬಂದರೆ ತಲೆಯ ಮೇಲೆ ಸೆರಗೆಳೆದುಕೊಂಡು, ಹೇಳಬೇಕಾದ್ದನ್ನು ಅತ್ತೆಯ ಕಿವಿಗೆ ಹಾಕುತ್ತಾಳೆ. ಅತ್ತೆ ಮಾಳಮ್ಮ ಅದಕ್ಕೆ ಒಂದಿಷ್ಟು ಬೆಲ್ಲ ಸವರಿ ಗಂಡನಿಗೆ ಮುಟ್ಟಿಸುತ್ತಾಳೆ. ಹೀಗೆ ಹೊರಟ ಮಾತು ಗೊಲ್ಲಾಳಪ್ಪನ ತನಕ ಬರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಕೊನೆಗೆ ಬಾಯಿಬಿಟ್ಟವನು ಮಗ ಶಂಕರಲಿಂಗ.

"ಅಪ್ಪಾ, ನಿದ್ದಿಗೆಟ್ಟು ಸೂಜಿ ಮಾಡಾಕ ಹೋಗಿ ಏನರೆ ಹೆಚ್ಚುಕಮ್ಮಿ ಆದ್ರ ಅಕಿ ನೌಕರಿ ಹೋಗತದ. ಇದೊಂದು ತಿಂಗಳು ನೋಡ್ತೀವಿ. ಆಗಲಿಲ್ಲಂದ್ರ ವಾಡ್ಯಾಗ ಬಾಡಿಗಿ ಮನಿ ಹಿಡೀತೀವಿ."

ಮಗ, ಸೊಸೆ, ಮೊಮ್ಮಗಳು ಇಲ್ಲದ ಮನೆಯನ್ನು ಗೊಲ್ಲಾಳಪ್ಪ ಎಣಿಸಿಯೂ ಇರಲಿಲ್ಲ. ಅದೇ ಸಂಜೆ ಅಬ್ದುಲ್ ಕರೀಮನ ಅಂಗಡಿಗೆ ಹೋದ.

ಕರೀಮ್ ಎಲ್ಲ ಕೇಳಿಸಿಕೊಂಡು ಅಟ್ಟದ ಮೇಲಿಂದ ಒಂದು ಹೆಡ್‌ಫೋನ್ ಇಳಿಸಿದ. ಯಾವುದೋ ಸ್ಟುಡಿಯೊ ಮುಚ್ಚಿದಾಗ ಅವನು ತಂದಿಟ್ಟದ್ದು. ಕಿವಿಯ ಬಟ್ಟಲುಗಳ ಹಿಂಭಾಗ ಪೂರಾ ಮುಚ್ಚಿತ್ತು, ಕಿವಿಗೆ ಮೆತ್ತನೆಯ ದಿಂಡು ಇತ್ತು. ಹಾಕಿಕೊಂಡರೆ ಬಜಾರಿನ ಗದ್ದಲವೇ ಅಡಗಿತು. ಆದರೆ ಫೋನಿಗೆ ಜೋಡಿಸಿದಾಗ ಚಂದ್ರಾಮನ ದನಿ ಬಾವಿಯ ತಳದಿಂದ ಬಂದಂತೆ ಬಂತು.

"ಇದರ ಓಮ್ಸ್ ಜಾಸ್ತಿ ಅವ, ಗೊಲ್ಲಾಳಪ್ಪಣ್ಣ. ಇದನ್ನ ಎಬ್ಬಸ್ಲಿಕ್ಕೆ ನಿಮ್ ಫೋನಿಗಿ ದಮ್ ಸಾಲಲ್ಲ. ನಡುವ ಒಂದು ಆಂಪ್ಲಿಫೈಯರ್ ಬೇಕು. ಒಯ್ದು ಮನ್ಯಾಗ ಕೇಳ್ರಿ, ಪಸಂದ್ ಆಗ್ಲಿಲ್ಲಂದ್ರ ವಾಪಸ್ ತರ್ರಿ."

ಮೊದಲು ಕೊಟ್ಟದ್ದು ವಾಲ್ವಿನದು. ಕರೀಮನಿಗೆ ವಾಲ್ವ್ ಅಂದರೆ ಪ್ರಾಣ. ಗಾಜಿನ ಬುರುಡೆಯೊಳಗೆ ಕೆಂಪು ಬೆಳಕು ಕಂಡರೆ ಅವನ ಮುಖವೂ ಹಾಗೇ ಬೆಳಗುತ್ತದೆ. ಭಂಕೂರಿನ ಬಿರುಬಿಸಿಲಲ್ಲಿ ಅದು ಇನ್ನೊಂದು ಒಲೆಯಾಯಿತು. ಮೇಲಾಗಿ ಕರೆಂಟು ಏರಿಳಿದಾಗಲೆಲ್ಲ ಗುಂಯ್ ಅನ್ನುತ್ತಿತ್ತು. "ಹ್ಯಾಂಗೂ ಹಚ್ಚೀರಿ, ಇದರ ಮ್ಯಾಲ ಹಾಲರೆ ಇಡ್ಲೇನು?" ಎಂದು ಮಾಳಮ್ಮ ಕೇಳಿದಳು. ಎರಡೇ ದಿನಕ್ಕೆ ಅದು ಅಂಗಡಿಗೆ ವಾಪಸಾಯಿತು.

"ಹಂಗಾದ್ರ ಸಾಲಿಡ್ ಸ್ಟೇಟ್ ಒಯ್ರಿ," ಎಂದ ಕರೀಮ್, ಸ್ವಲ್ಪ ಮನಸ್ಸು ಸಣ್ಣದು ಮಾಡಿಕೊಂಡೇ. "ಬುರುಡಿ ಇಲ್ಲ, ಬರೇ ಟ್ರಾನ್ಸಿಸ್ಟರ್. ಕಾಯಂಗಿಲ್ಲ, ಗುಂಯ್ ಅನ್ನಂಗಿಲ್ಲ."

ಅದು ಅಂಗೈಯಗಲದ ಡಬ್ಬಿ. ದನಿ ಸ್ವಚ್ಛವಾಗಿತ್ತು, ನಿಜ. ಆದರೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಚೀರುತ್ತಿತ್ತು. ತೀರ ಕೆಳಗಿಟ್ಟರೆ ಎಡಗಿವಿಯಲ್ಲಿ ಮಾತ್ರ ಹಾಡು, ಬಲಗಿವಿಯಲ್ಲಿ ಏನೂ ಇಲ್ಲ. ಆದ್ದರಿಂದ ಗೊಲ್ಲಾಳಪ್ಪ ಅದನ್ನು ಏರಿಸಿಯೇ ಇಟ್ಟುಕೊಂಡ. ವಾರದೊಳಗೆ ಮಾಳಮ್ಮ ಪಕ್ಕಕ್ಕೆ ಬಂದು ಕೂತಳು.

"ಅಲ್ರಿ, ಇನ್ನಾ ಸಪ್ಪಳ ಬರಾಕತ್ತದಂತ."

"ಎಲ್ಲಿಂದ ಬರತದ? ಎಲ್ಲಾ ನನ್ನ ಕಿವ್ಯಾಗ ಅದ."

ಮಾಳಮ್ಮ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ ಎದ್ದು ಹೋದಳು.

ಗೊಲ್ಲಾಳಪ್ಪ ತನ್ನದೇ ಲೆಕ್ಕ ಹಾಕಿದ. ಸಣ್ಣ ಮಷೀನು, ಭಾರ ಎಳೆಯಲಾರದೆ ಒದರುತ್ತಿದೆ, ಅದಕ್ಕೇ ದನಿ ಹೊರಗೆ ಸೋರುತ್ತಿದೆ. ದೊಡ್ಡ ಮಷೀನಾದರೆ ಗಾಡಿಗೆ ಗಟ್ಟಿ ಎತ್ತು ಕಟ್ಟಿದ ಹಾಗೆ ಸುಮ್ಮನೆ ಎಳೆಯುತ್ತದೆ. ಕರೀಮನಿಗೆ ಇದು ಒಪ್ಪಲಿಲ್ಲ. ಹೆಡ್‌ಫೋನನ್ನು ಜೋರಾಗಿ ಹಾಡಲು ಬಿಟ್ಟು ಎರಡೂ ಬಟ್ಟಲುಗಳನ್ನು ಒಂದಕ್ಕೊಂದು ಹಚ್ಚಿ ಇಟ್ಟು, ಬಾಗಿಲ ತನಕ ಹೋಗಿ ನಿಂತು ತೋರಿಸಿದ. "ಏನರೆ ಕೇಳಸ್ತದೇನ್ರಿ? ಇಷ್ಟಕ್ಕ ಯಾರ್ ಏಳ್ತಾರ?" ಎಂದ. ಗೊಲ್ಲಾಳಪ್ಪ ಕೇಳಬೇಕಲ್ಲ. ಹೇಳಿದ್ದನ್ನೇ ಹೇಳಿ, ಎತ್ತಿದರೆ ಕೈ ಜಗ್ಗುವಂಥ ದೊಡ್ಡ ಆಂಪ್ಲಿಫೈಯರನ್ನು ಬಗಲಲ್ಲಿಟ್ಟುಕೊಂಡೇ ಬಂದ.

ಅದರ ದಮ್ಮು ದಮ್ಮೇ ಸರಿ. ತಾಳ ಖಣಖಣ ಅಂದಿತು. ಚಂದ್ರಾಮ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತ ಹಾಗೆ ಹಾಡಿದ. ಗೊಲ್ಲಾಳಪ್ಪ ಕಣ್ಣು ಮುಚ್ಚಿ ಮಧ್ಯಾಹ್ನವಿಡೀ ಮೈಮರೆತ. ಎಷ್ಟೋ ದಿನಗಳ ಮೇಲೆ ಅವನಿಗೆ ಎದೆ ಹಗುರಾಯಿತು.

ಆ ವಾರವೇ ಶಂಕರಲಿಂಗ ವಾಡಿಗೆ ಹೋಗಿ ಮನೆ ನೋಡಿಕೊಂಡು ಬಂದ.

"ಈಗ ಇನ್ನಾ ಜಾಸ್ತಿ ಆಗೇದಂತ್ರಿ," ಎಂದಳು ಮಾಳಮ್ಮ, ಗಂಡನ ಮುಖ ನೋಡದೆ.

ಗೊಲ್ಲಾಳಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕರೀಮ್ ಮಾಡಿದ ಹಾಗೆಯೇ ಹೆಡ್‌ಫೋನನ್ನು ಮಂಚದ ಮೇಲೆ ಹಾಡಲು ಬಿಟ್ಟು, ತಾನೇ ಕೊನೆಯ ಖೋಲಿಯ ಬಾಗಿಲಿಗೆ ಹೋಗಿ ನಿಂತ. ಏನೂ ಕೇಳಿಸಲಿಲ್ಲ. ಉಸಿರು ಹಿಡಿದು ನಿಂತರೂ ಇಲ್ಲ. ಆಗ ಅವನ ಮನಸ್ಸಿಗೆ ಒಂದು ಕೆಟ್ಟ ವಿಚಾರ ಬಂತು. ಸಪ್ಪಳ ಗಿಪ್ಪಳ ಏನೂ ಇಲ್ಲ, ಹೋಗುವವರಿಗೆ ಒಂದು ನೆವ ಬೇಕಾಗಿದೆ. ಮುದುಕರ ಜೊತೆ ಇರಲಿಕ್ಕೆ ಸೊಸೆಗೆ ಬೇಸರ ಬಂದಿದೆ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಎರಡು ದಿನ ರೊಟ್ಟಿ ಅವನಿಗೆ ಸೇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಟಕ್ಕೆ ಬಿದ್ದವನಂತೆ ಹೆಡ್‌ಫೋನ್ ಏರಿಸಿಕೊಂಡು, ಗುಂಡಿಯನ್ನು ಇನ್ನಷ್ಟು ತಿರುಗಿಸಿ ಕೂತ. ಚಂದ್ರಾಮ ನುಡಿ ಎತ್ತಿದ. ಹಾಡು ಏರುತ್ತ ಏರುತ್ತ ತುತ್ತತುದಿಗೆ ಹೋದಾಗ ಯಾರೋ ಅವನ ಬಲಗಿವಿಯ ಬಟ್ಟಲನ್ನು ಎತ್ತಿದರು. ಕಣ್ಣು ಬಿಡುವ ಮೊದಲೇ ಒಂದು ದೊಡ್ಡ ದನಿ ಕಲ್ಲಿನ ಗೋಡೆಗಳಿಗೆಲ್ಲ ಬಡಿದು ಅವನ ಕಿವಿಗೆ ಬಂತು. ಅದು ಚಂದ್ರಾಮನದಲ್ಲ. ಅವನದೇ ದನಿ, ಅವನದೇ ತೆರೆದ ಬಾಯಿಂದ ಹೊರಟದ್ದು.

ಎದುರಿಗೆ ಭಾಗ್ಯ ನಿಂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಕೂದಲು ಬಿಚ್ಚಿತ್ತು, ಕಣ್ಣು ಕೆಂಪಾಗಿತ್ತು.

"ಮಾವಾರ, ಸಪ್ಪಳ ಮಷೀನಿಂದಲ್ರಿ. ನೀವು ಹಾಡಾಕತ್ತೀರಿ."

ಗೊಲ್ಲಾಳಪ್ಪ ಬಾಯಿ ಮುಚ್ಚಿದ. ಕಿವಿ ಮುಚ್ಚಿತ್ತಾದ್ದರಿಂದ ತನ್ನ ದನಿ ತನಗೇ ಕೇಳಿರಲಿಲ್ಲ. ಮಷೀನು ದೊಡ್ಡದಾದಂತೆ, ಪಾಲಿಶ್ ಮಷೀನಿನ ಪಕ್ಕ ಮಾಡುತ್ತಿದ್ದಂತೆಯೇ, ತಾನೂ ಅದಕ್ಕೆ ಸರಿಯಾಗಿ ಏರಿಸುತ್ತ ಹೋಗಿದ್ದ. ಅಡಿಗೆಮನೆಯ ಬಾಗಿಲಲ್ಲಿ ಮಾಳಮ್ಮ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ನಿನಗ ಗೊತ್ತಿತ್ತೇನು?"

"ಮೊದಲನೇ ದಿನದಿಂದ ಗೊತ್ತಿತ್ತು," ಎಂದಳು ಮಾಳಮ್ಮ. "ಚಂದ್ರಾಮಣ್ಣ ಹೋದ ಮ್ಯಾಲೆ ನೀವು ಒಂದು ನುಡಿ ಹಾಡಿದ್ದಿಲ್ಲ. ಹಾಡಾಕತ್ತೀರಿ ಅಂತ ಹೇಳಿದ್ರ ಅದನ್ನೂ ಬಿಟ್ಟು ಕೂಡ್ತಿದ್ರಿ. ನನಗ ಮನಸ್ಸಾಗ್ಲಿಲ್ರಿ."

ಗೊಲ್ಲಾಳಪ್ಪನಿಗೆ ನಾಚಿಕೆಯಿಂದ ನೆಲ ನೋಡುವ ಹಾಗಾಯಿತು. ಎರಡು ದಿನ ಈ ಹುಡುಗಿಯ ಬಗ್ಗೆ ಏನೇನು ಅಂದುಕೊಂಡಿದ್ದನೋ ಅದೆಲ್ಲ ಅವನ ಮುಖಕ್ಕೇ ಹೊಡೆಯಿತು. ಸೊಸೆಯ ಕಡೆ ತಿರುಗಿ, "ಇಷ್ಟು ಮಾತು ಮೊದಲ ಹೇಳಬಾರದಿತ್ತೇನವ್ವಾ?" ಎಂದ.

"ನೀವು ನನ್ನ ಕೂಡ ಯಾವಾಗ ಮಾತಾಡೀರಿ, ಮಾವಾರ?" ಎಂದಳು ಭಾಗ್ಯ. ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಗೆಟ್ಟ ದಣಿವಿತ್ತು. "ಈ ಮನಿಗಿ ಬಂದಾಗಿಂದ ಒಮ್ಮಿನೂ ನನ್ನ ಹೆಸರು ಹಿಡದು ಕರದಿಲ್ಲ. ನನಗ ಹೇಳೋದಿದ್ರ ಅತ್ತಿಗಿ ಹೇಳ್ತೀರಿ."

ಅದನ್ನು ಗೊಲ್ಲಾಳಪ್ಪ ಮರ್ಯಾದೆ ಎಂದು ತಿಳಿದಿದ್ದ. ಅವನ ತಂದೆಯೂ ಮಾಳಮ್ಮನ ಜೊತೆ ಹಾಗೇ ಇದ್ದ. ಭಾಗ್ಯಳೇ ಹೆಡ್‌ಫೋನ್ ಎತ್ತಿ ತನ್ನ ಕಿವಿಗೆ ಇಟ್ಟುಕೊಂಡು, ಬೆಚ್ಚಿ ಕಿತ್ತಳು.

"ಯವ್ವಾ! ಇಷ್ಟು ಜೋರು ಕೇಳಿದ್ರ ಇದ್ದ ಕಿವೀನೂ ಹೋಗ್ತಾವ್ರಿ. ನಾಳಿ ನನಗ ರಜಾ ಅದ. ನಡೀರಿ, ಇಬ್ಬರೂ ಕೂಡೇ ಹೋಗಿ ಬ್ಯಾರೆದು ತರೋಣು."

ಮರುದಿನ ಸೊಸೆಯ ಸ್ಕೂಟಿಯ ಹಿಂದೆ, ಆ ಭಾರದ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಗೊಲ್ಲಾಳಪ್ಪ ಶಹಾಬಾದಿಗೆ ಹೋದದ್ದನ್ನು ಊರೇ ನೋಡಿತು. ವಿಷಯ ತಿಳಿದಾಗ ಕರೀಮ್ ನಗು ತಡೆಯಲಾಗದೆ ಕೌಂಟರ್ ಹಿಡಿದು ಕೂತುಬಿಟ್ಟ.

"ನಗಬ್ಯಾಡ ಕರೀಮ್. ಸಣ್ಣಗ ಇಟ್ರೂ ಛಲೋ ಕೇಳೋದು ಕೊಡು."

ಆರಿಸುವ ರೀತಿಯನ್ನು ಭಾಗ್ಯಳೇ ಗೊತ್ತು ಮಾಡಿದಳು. ಮಾವ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಅವಳು ಬಾಗಿಲಲ್ಲಿ ನಿಂತು ಮಾವಾರ ಎಂದು ಕರೆಯಬೇಕು. ಅದು ಕೇಳುವಷ್ಟು ದನಿ ಇಳಿಸಿದ ಮೇಲೂ ಹಾಡು ಹಾಡಾಗಿ ಉಳಿಯಬೇಕು. ದೊಡ್ಡ ಮಷೀನು ಅಷ್ಟು ಕೆಳಗೆ ಬಂದಾಗ ಹಾಡಿಗಿಂತ ಅದರ ಸುಂಯ್ ಎನ್ನುವುದೇ ಹೆಚ್ಚಾಯಿತು. ಸಣ್ಣ ಡಬ್ಬಿ ಮತ್ತೆ ಒಂದೇ ಕಿವಿಗೆ ಹಾಡಿತು. ಆಮೇಲೆ ಕರೀಮ್ ಇನ್ನೊಂದು ಸಾಲಿಡ್ ಸ್ಟೇಟ್ ಇಳಿಸಿದ. ಅದರ ಹಿಂದೆ ದಮ್ಮು ಕಡಿಮೆ ಮಾಡುವ ಒಂದು ಸ್ವಿಚ್ಚಿತ್ತು. ಅದನ್ನು ಒತ್ತಿದರೆ ಗುಂಡಿಯನ್ನು ನಡುವಿನ ತನಕ ತಿರುಗಿಸಿದರೂ ದನಿ ಹದವಾಗಿ ಬರುತ್ತಿತ್ತು. ಎರಡೂ ಕಿವಿಗೆ ಸಮನಾಗಿತ್ತು, ಹಿಂದೆ ಸುಂಯ್ ಇರಲಿಲ್ಲ. ಭಾಗ್ಯ ಕರೆದಾಗ ಗೊಲ್ಲಾಳಪ್ಪ ತಲೆಯೆತ್ತಿ, "ಆಂ?" ಎಂದ. ಅದನ್ನೇ ಕಟ್ಟಿಸಿಕೊಂಡರು.

ರಜೆ ಮುಗಿದು ಭಾಗ್ಯ ಮತ್ತೆ ರಾತ್ರಿ ಡ್ಯೂಟಿ ಮಾಡಿ ಬಂದು ಮಲಗಿದ ಮಧ್ಯಾಹ್ನ ಗೊಲ್ಲಾಳಪ್ಪನಿಗೆ ಪ್ರಾಣಸಂಕಟ. ಚಂದ್ರಾಮ ನುಡಿ ಎತ್ತಿದ ಕೂಡಲೇ ಎದೆಯಿಂದ ದನಿ ತಾನಾಗಿಯೇ ಎದ್ದು ಬರುತ್ತದೆ. ಒಮ್ಮೆ ಹೊರಬಿದ್ದೇಬಿಟ್ಟಿತು. ಒಳಗಿನಿಂದ "ಮಾವಾರ!" ಎಂದು ಕೇಳಿಸಿತು. ಟಕ್ಕನೆ ನಿಲ್ಲಿಸಿದ. ಇನ್ನೊಮ್ಮೆ ಹಾಗೇ ಆಯಿತು. ಆಮೇಲೆ ಟವೆಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೂತ. ಭಾಗ್ಯ ಸಂಜೆಯ ತನಕ ಮಲಗಿದಳು.

ಅವಳು ಡ್ಯೂಟಿಗೆ ಹೊರಡುವ ಹೊತ್ತಿಗೆ ಶಂಕರಲಿಂಗ ಪಡಸಾಲೆಗೆ ಬಂದು ತಾಯಿಯನ್ನು ಕೇಳಿದ: "ಯವ್ವಾ, ವಾಡಿಯವರು ಫೋನ್ ಮಾಡಾಕತ್ತಾರ. ಮನಿ ಬೇಕೋ ಬ್ಯಾಡೋ ಇವತ್ತೇ ಹೇಳ್ಬೇಕಂತ. ಅಪ್ಪ ಏನಂತಾನ?"

ಮಾಳಮ್ಮ ರೂಢಿಯಂತೆ ಗಂಡನ ಕಡೆ ನೋಡಿದಳು. ಗೊಲ್ಲಾಳಪ್ಪ ಅವಳಿಗೆ ಏನೂ ಹೇಳಲಿಲ್ಲ. ಎದ್ದು, ಸ್ಕೂಟಿಯ ಕೀಲಿ ಹುಡುಕುತ್ತಿದ್ದ ಸೊಸೆಯ ಎದುರಿಗೆ ಹೋಗಿ ನಿಂತ. ನಾಲಗೆಗೆ ರೂಢಿಯಿಲ್ಲದ ಹೆಸರದು.

"ಭಾಗ್ಯಾ," ಎಂದ. "ಹೋಗಬ್ಯಾಡವ್ವಾ."

ಭಾಗ್ಯ ಕೀಲಿ ಹುಡುಕುವುದನ್ನು ಬಿಟ್ಟು ನಿಂತಳು. ಕಣ್ಣು ತುಂಬಿತು.

"ಇದೊಂದು ಮಾತು ನೀವೇ ಅಂತೀರೇನು ಅಂತ ನೋಡಾಕತ್ತಿದ್ದೆ, ಮಾವಾರ," ಎಂದಳು.

ಶಂಕರಲಿಂಗ ವಾಡಿಯವರಿಗೆ ಫೋನ್ ಮಾಡಿ ಮನೆ ಬೇಡವೆಂದ.